ಕೋಳಿ ಕರಿಯೋ ಡಬ್ಬಿ ಮಾಡಿಸಿದ್ದು: ಹಳೇ ಹುಬ್ಬಳ್ಳಿ ಲೇತ್ ಕಾಕಾನ ಅಂಗಡಿ ರಿವ್ಯೂ, 5ಕ್ಕ 4 ಸ್ಟಾರ್

ಮೊದಲ ಹೇಳಿಬಿಡ್ತೀನಿ, ಇಲ್ಲಿ ಕರಿಯೋದು ಅಂದ್ರ ಎಣ್ಯಾಗ ಬಿಟ್ಟು ಕರಿಯೋದಲ್ಲ, ಕೂಗಿ ಕರಿಯೋದು. ಬ್ಯಾಟಿ ಮಂದಿ ಹೆಣ್ಣು ಟರ್ಕಿ ಕೋಳಿ ದನಿ ತಗದು ಗಂಡನ್ನ ಹತ್ರ ಕರಿಯೋ ಕಟಿಗಿ ಡಬ್ಬಿ ಇದು. ನಮ್ಮ ಓಣ್ಯಾಗ ಇದನ್ನ ತಿಳಿಸಿ ಹೇಳೂದ್ರಾಗ ನನಗ ಸಾಕಾಗಿ ಹೋತು. "ಕೋಳಿ ಕರಿಯೋ ಡಬ್ಬಿ ಮಾಡಸಾಕ ಹೊಂಟೇನ್ರಿ" ಅಂದ್ರ ಬಾಜೂ ಮನಿ ಅಕ್ಕಾರು "ಕಟಿಗಿ ಡಬ್ಬ್ಯಾಗ ಹೆಂಗ ಕರೀತೀಯೋ ತಮ್ಮಾ, ಸುಟ್ಟು ಹೋಗೂದಿಲ್ಲೇನು" ಅಂತ ಖರೇನ ಕೇಳಿದ್ರು.

ವಿಷಯ ಏನಪಾ ಅಂದ್ರ ನಮ್ಮ ಅಕ್ಕನ ಗಂಡ, ನಾವು ಮಾಮಾ ಅಂತೀವಿ, ಅಮೆರಿಕಾದ ಮಿಸೌರಿ ರಾಜ್ಯದಾಗ ಇರ್ತಾರ, ಅಲ್ಲಿ ಆಫೀಸ್ ದೋಸ್ತರ ಜೋಡಿ ಅಡ್ಡಾಡಿ ಅಡ್ಡಾಡಿ ಟರ್ಕಿ ಕೋಳಿ ಬ್ಯಾಟಿ ಹುಚ್ಚು ಹತ್ತಿಸಿಕೊಂಡಾರ. ಅಲ್ಲಿ ಅದಕ್ಕ ಲೈಸನ್ಸ್ ಐತಿ, ಸೀಸನ್ ಐತಿ, ಏಪ್ರಿಲ್‌ದಾಗ ಶುರುವಾಗ್ತೈತಿ. (ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಐತಿ, ಕಾಡಹಕ್ಕಿ ಬ್ಯಾಟಿ ಮಾತ ಎತ್ತೋ ಹಂಗಿಲ್ಲ, ನಾ ಮಾಡಿಸಿದ್ದು ಬರೇ ಡಬ್ಬಿ, ಯಾರೂ ಕಾಮೆಂಟಿನ್ಯಾಗ ಜಗಳಾ ತಗೀಬ್ಯಾಡ್ರಿ.) ಡಿಸೆಂಬರ್‌ದಾಗ ಬಂದಾಗ ತಮ್ಮ ಕೋಳಿ ಕರಿಯೋ ಡಬ್ಬಿನೂ ಬ್ಯಾಗಿನ್ಯಾಗ ಹಾಕ್ಕೊಂಡು ಬಂದಿದ್ರು, ಯಾಕ ತಂದ್ರೋ ದೇವ್ರಿಗೇ ಗೊತ್ತು, ವಿಮಾನದಾಗ ಗಾಜು ಒಡದು ಎರಡು ಹೋಳು. "ನಿಮ್ಮೂರಾಗ ಯಾರರ ರಿಪೇರಿ ಮಾಡ್ತಾರೇನು ನೋಡು" ಅಂತ ನನ್ನ ಕೈಯಾಗ ಇಟ್ಟು ಹೋದ್ರು. ರಿಪೇರಿ ಆಗಲಿಲ್ಲ, ಅದರ ಬದ್ಲಿ ನಾಲ್ಕು ಹೊಸಾವು ಆದ್ವು.

ಸಾಮಾನು ನೋಡಾಕ ಭಾಳ ಸಾದಾ. ಮೂರೂವರಿ ಇಂಚು ಅಗಲದ ಗುಂಡನ ಕಟಿಗಿ ಬಟ್ಟಲಾ, ಅದರ ಬಾಯಿಗೆ ಮುಚ್ಚಳದಂಗ ಗಾಜೋ ಕಲ್ಲಿನ ಪಾಟಿನೋ ಕುಂದ್ರಿಸಿರ್ತಾರ. ಅದರ ಕೆಳಗ, ಹೊರಗ ಕಾಣದಂಗ, ಇನ್ನೊಂದು ಸಣ್ಣ ಗಾಜು ಬಟ್ಟಲ ನಡುವಿನ ಒಂದು ಗಿಡ್ಡ ದಿಂಡಿನ ಮ್ಯಾಲೆ ಕುಂತಿರ್ತೈತಿ, ಎರಡೂ ಗಾಜಿನ ನಡು ಖಾಲಿ ಜಾಗ, ತಳಕ್ಕ ನಾಕಾರು ತೂತು. ಪೆನ್ನು ಹಿಡಿದಂಗ ಒಂದು ಕಟಿಗಿ ಕಡ್ಡಿ ಹಿಡಕೊಂಡು ಮ್ಯಾಲಿನ ಗಾಜಿನ ಮ್ಯಾಲೆ ಸಣ್ಣಗ ಸುತ್ತ ಎಳೀಬೇಕು. ಸಾಲ್ಯಾಗ ಪಾಟಿ ಮ್ಯಾಲೆ ಬಳಪ ನೆಟ್ಟಗ ಹಿಡಿದು ಎಳದ್ರ ಕಿರ್ರ್ ಅಂದು ಹಲ್ಲು ಜುಂ ಅಂತಿದ್ವಲ್ಲ, ಅದ ವಿದ್ಯಾ ಇದು. ಕಡ್ಡಿ ತುದಿ ಒರಟ ಮೈಗೆ ಕಚ್ಚತೈತಿ, ಜಾರತೈತಿ, ಮತ್ತ ಕಚ್ಚತೈತಿ, ಒಂದು ಸೆಕೆಂಡಿಗೆ ನೂರಾರು ಸಲ, ಆ ನಡುಗು ಬಟ್ಟಲದಾಗ ತುಂಬಿ ತೂತಿಂದ ಹೊರಗ ಬಂದು ಹೆಣ್ಣು ಟರ್ಕಿ ದನಿ ಆಗ್ತೈತಿ. ಅದನ್ನ ಕೇಳಿ ಗಂಡು ಬರ್ತೈತಿ ಅನ್ನೋ ಲೆಕ್ಕ. "ಕ್ಯಾಂವ್ ಕ್ಯಾಂವ್" ಅನ್ನೋದಕ್ಕ ಯೆಲ್ಪ್ ಅಂತಾರ, "ಟಕ್" ಅಂದ್ರ ಕ್ಲಕ್, ಹೊಟ್ಟಿ ತುಂಬಿ ಮೇಯೋವಾಗ "ಗುರ್ರ್" ಅಂತಾವಲ್ಲ ಅದು ಪರ್. ಮೂರೂ ಒಂದ ಡಬ್ಬ್ಯಾಗ ಬರಬೇಕು.

ಅಡ್ಡ ಮಾತು ಒಂದು. ಟರ್ಕಿ ನಮ್ಮ ಕಡೆ ಹೊಸಾದು ಅಂತ ತಿಳಕೋಬ್ಯಾಡ್ರಿ, 1612ರಾಗ ಜಹಾಂಗೀರ್ ಬಾದಶಹಾನ ಕಡೆಯವ್ರು ಗೋವಾಕ್ಕ ಬಂದು ಟರ್ಕಿ ಕೋಳಿ ಖರೀದಿ ಮಾಡ್ಕೊಂಡು ಹೋಗಿದ್ರು, ಅದರ ಚಿತ್ರ ತಗದಾಂವ ಉಸ್ತಾದ್ ಮನ್ಸೂರ್. ನಮ್ಮ ಧಾರವಾಡದ ಮನ್ಸೂರ ಅಲ್ರಿ ಮತ್ತ, ನಮ್ಮೋರದು ಹಾಡಿಕಿ, ಅವಂದು ಚಿತ್ರಾ.

ಇನ್ನ ಅಂಗಡಿ. ಹಳೇ ಹುಬ್ಬಳ್ಳ್ಯಾಗ ಸಣ್ಣ ಓಣ್ಯಾಗ ಐತಿ, ಬೋರ್ಡ್ ಇಲ್ಲ, ಮುಂದ ಲಟ್ಟಣಿಗಿ, ಕಡಗೋಲು, ಬಗರಿ ಜೋತು ಬಿಟ್ಟಿರ್ತಾರ, ಒಳಗ ಕಟಿಗಿ ತಿರುವಿ ಕೆತ್ತೋ ಮಶಿನ್ ಒಂದು, ಅದ ಲೇತ್, ಒಂದು ಸ್ಟೂಲ್, ಮೊಣಕಾಲ ತನಕ ಕಟಿಗಿ ಹೊಟ್ಟು. ಕಾಕಾಗ ಅರವತ್ತೈದು ಎಪ್ಪತ್ತರ ನಡು ವಯಸ್ಸು. ಹುಡುಗರಿದ್ದಾಗ ಕಲಘಟಗ್ಯಾಗ ತೊಟ್ಟಿಲ ಕೆಲಸಾ ಕಲತೋರು, ಸಾಗವಾನಿ ತೊಟ್ಟಿಲು, ಅರಗಿನ ಬಣ್ಣ, ಅದೆಲ್ಲಾ. ಆಮ್ಯಾಲೆ ಹುಬ್ಬಳ್ಳಿಗೆ ಬಂದು ಮಂಚದ ಕಾಲು, ನಡುನಡು ತಂಬೂರಿ ಬಿರಡಿ ತಿರುವಿ ಕೊಟ್ಟುಕೊಂತ ಬಂದಾರ. ಇಲ್ಲಿಗೆ ಬರೂಕಿಂತ ಮೊದಲ ಎರಡು ಕಡೆ ಹೋಗಿದ್ದೆ, ಒಬ್ಬಾಂವ "ಇಂಥಾ ಆಟಿಗಿ ಸಾಮಾನು ಮಾಡೂದಿಲ್ಲ" ಅಂದ, ಇನ್ನೊಬ್ಬಾಂವ ಮುಖಾನೂ ಎತ್ತಲಿಲ್ಲ. ಕಾಕಾ ಮಾತ್ರ ಒಡದ ಡಬ್ಬಿ ಇಸ್ಕೊಂಡು, ಕಿವಿ ಹತ್ರ ಹಿಡಿದು, ಉಗುರಿಂದ ಟಕ್ ಟಕ್ ಅಂತ ಸುತ್ತಲೂ ಬಡದು ನೋಡಿದ್ರು. ಕಲ್ಲಂಗಡಿ ಹಣ್ಣು ನೋಡಿದಂಗ. ಆಮ್ಯಾಲೆ "ಇದು ವಾದ್ಯ ಐತಿ" ಅಂದ್ರು. ಅಷ್ಟ ಸಾಕಾತು ನನಗ.

ಮೊದಲನೇ ಡಬ್ಬಿ ಪೂರ್ತಿ ಫೇಲ್. ತಪ್ಪು ಅರ್ಧ ನಂದು. ಸಾಗವಾನಿ ಬಟ್ಟಲಾ ಅಗದಿ ಛಲೋ ತಿರುವಿದ್ರು, ಆದ್ರ ಗಾಜು ಕುಂದ್ರೋ ಅಂಚು ಗಟ್ಟಿ ಇರ್ಲಿ ಅಂತ ಅರ್ಧ ಇಂಚು ಬಿಟ್ಟಾರ, ನಾ ಅದಕ್ಕ ಎರಡು ಟ್ಯೂಬ್ ಕಲಸೋ ಅಂಟು ತಂದು ಬಡದೇನಿ, ಅಂಟು ಒಳಗ ಇಳದು ಕೆಳಗಿನ ಗಾಜಿಗೂ ಹತ್ತೇತಿ, ಒಣಗಿದ ಮ್ಯಾಲೆ ಕಡ್ಡಿ ಎಳದ್ರ ಕ್ಯಾಂವ್ ಅಲ್ಲ ಕುಂಯ್ ಅಲ್ಲ, ಗ್ವಾಡಿ ಕೆರದಂಗ ಸಪ್ಪಳ. ಅದನ್ನ ಬಿಚ್ಚಾಕೂ ಬರಲಿಲ್ಲ. ಈಗ ಅದರಾಗ ನಮ್ಮ ಅವ್ವ ಗುಂಡಸೂಜಿ ಇಡ್ತಾಳ, ಗಾಜು ಒಡದು ತಗದು. ಎರಡನೇದ್ರಾಗ ಕಾಕಾ ಅಂಚನ್ನ ಒಂದು ಸೂತಿಗೆ ಇಳಿಸಿದ್ರು, ಸೂತು ಅಂದ್ರ ಇಂಚಿನ ಎಂಟನೇ ಒಂದು ಪಾಲು, ಬಡಿಗ್ಯಾರ ಲೆಕ್ಕ. ಗಾಜು ಅಂಚಿನ ಮ್ಯಾಲೆ ಬರೇ ತುದಿಗಾಲಾಗ ನಿಂತಂಗ ಆತು. ಅಂಟೂ ಬದಲ ಮಾಡಿದ್ವಿ, ಕಿಡಕಿ ಗಾಜಿಗೆ ಹಾಕ್ತಾರಲ್ಲ ಸಿಲಿಕಾನ್, ಒಣಗಿದ್ರೂ ರಬ್ಬರಿನಂಗ ಮೆತ್ತಗ ಇರ್ತೈತಿ, ಅದನ್ನ ಎಳಿ ಎಳದಂಗ ತೆಳ್ಳಗ. ಸಪ್ಪಳ ಎದ್ದು ಬಂತು ನೋಡ್ರಿ! ಜೋರಾಗಿ ಬಂತು, ಆದ್ರ ಕೋಳಿ ಅಲ್ಲ, ಬಾಗಲಾ ಕಿರಗುಟ್ಟಿದಂಗ.

ಇಲ್ಲಿಂದ ಮುಂದ ಕಾಕಾನ ಕೆಲಸಕ್ಕ ನಾ ನಾಕು ಸ್ಟಾರ್ ಯಾಕ ಕೊಟ್ಟೇನಿ ಅನ್ನೋದು ಬರ್ತೈತಿ. ಅವರು ಫೋನಿನ್ಯಾಗ ಖರೇ ಕಾಡು ಟರ್ಕಿ ವಿಡಿಯೋ ಹಾಕಿಸ್ಕೊಂಡು ಕೇಳಿದ್ರು, ಲೇತ್ ಬಂದ್ ಮಾಡಿ, ಕಣ್ಣು ಮುಚ್ಚಿ, ಮೂರು ಸಲ. ಕೇಳಿ "ತಮ್ಮಾ, ಇದರ ದನ್ಯಾಗ ಎರಡು ಸ್ವರಾ ಅದಾವು, ಮ್ಯಾಲೆ ಹತ್ತಿ ಒಡದು ಕೆಳಗ ಬೀಳತೈತಿ, ನಿನ್ನ ಡಬ್ಬ್ಯಾಗ ಒಂದ ಐತಿ. ಜವಾರಿ ಇಲ್ಲ ಇದಕ್ಕ" ಅಂದ್ರು. ನಾ ನಕ್ಕೆ, ಟರ್ಕಿ ಎಲ್ಲಿ ಜವಾರಿ ಕೋಳಿ ಆಗ್ತೈತ್ರಿ ಕಾಕಾ ಅಂದೆ. ಅವರು ಹೇಳಿದ್ದು ತಂಬೂರಿ ಜವಾರಿ. ತಂಬೂರಿ ಕುದರಿ, ಅಂದ್ರ ತಂತಿ ಹಾದು ಹೋಗೋ ಸಣ್ಣ ಮಣಿ, ಅದರ ಮ್ಯಾಲೆ ತಂತಿ ಕೆಳಗ ಒಂದು ದಾರದ ಎಳಿ ಇಡ್ತಾರ, ಅದನ್ನ ಕೂದಲೆಳಿಯಷ್ಟು ಹಿಂದ ಮುಂದ ಸರಿಸಿದ್ರ ಸತ್ತ ತಂತಿ ಝೇಂಕಾರ ಕೊಡ್ತೈತಿ, ಮಿರಜ್‌ದಿಂದ ಬಂದ ಎಷ್ಟೇ ತುಟ್ಟಿ ತಂಬೂರಿ ಇದ್ರೂ ಆ ಎಳಿ ಜಾಗಾ ತಪ್ಪಿದ್ರ ಬರೇ ಟಿಂವ್ ಟಿಂವ್. "ಇದಕ್ಕೂ ಅಂಥಾದ್ದೊಂದು ಜಾಗಾ ಇರಬೇಕು, ಹುಡುಕೂನು" ಅಂದ್ರು.

ಹುಡುಕಿದ್ದು ಹೆಂಗ ಅಂದ್ರ ಮದುವಿ ಪತ್ರಿಕಿಯಿಂದ. ಖರೇ ಹೇಳ್ತೀನಿ. ಒಳಗಿನ ದಿಂಡನ್ನ ಬೇಕಂತ ಗಿಡ್ಡ ತಿರುವಿ, ಮ್ಯಾಲಿನ ಗಾಜನ್ನ ಅಂಟಿಸದ ಬರೇ ಟೇಪಿಲೆ ಹಿಡಿಸಿ, ಮನ್ಯಾಗ ಬಿದ್ದ ದಪ್ಪ ದಪ್ಪ ಲಗ್ನ ಪತ್ರಿಕಿ ಗುಂಡಗ ಕತ್ತರಿಸಿ ಕೆಳಗಿನ ಗಾಜಿನ ಬುಡಕ ಒಂದೊಂದ ಹಾಕ್ಕೊಂತ ಹೋದ್ವಿ. ಒಂದು ಪತ್ರಿಕಿ ಹಾಕು, ಟೇಪ್ ಹಚ್ಚು, ಎಳಿ, ಕೇಳು, ಟೇಪ್ ಬಿಚ್ಚು, ಇನ್ನೊಂದು ಹಾಕು. ಎರಡೂ ಗಾಜಿನ ನಡು ಎರಡು ಸೂತು ಅಂತರ ಇದ್ದಾಗ ದನಿ ಬ್ಯಾರಲ್ ಒಳಗ ಕುಂತು ಮಾತಾಡಿದಂಗ, ಟೊಳ್ಳು. ಪತ್ರಿಕಿ ಏರಿದಂಗ ದನಿ ಬಿಗೀಕೊಂತ, ಮ್ಯಾಲೆ ಹತ್ತಿಕೊಂತ ಬಂತು. ಐದನೇ ಪತ್ರಿಕಿಗೆ ಇಬ್ಬರೂ ಒಮ್ಮೆಲೆ ಮುಖ ಮುಖ ನೋಡಿದ್ವಿ, ಕ್ಯಾಂ ಅಂತ ಹತ್ತಿ ಅಂವ್ ಅಂತ ಒಡದು ಬಿತ್ತು, ಅಗದಿ ವಿಡಿಯೋದಾಗಿನ ಹಂಗ. ಆರನೇದು ಹಾಕಿದ್ರ ಹೋತು, ಚೀಂ ಅಂತ ಇಲಿ. ಒಂದು ಕಾಗದದ ದಪ್ಪಕ್ಕ ಇಷ್ಟು ಫರಕ ಅಂತ ನನಗ ಯಾರರ ಹೇಳಿದ್ರ ನಂಬತಿದ್ದಿಲ್ಲ. ಕಾಕಾ ಆ ಐದೂ ಪತ್ರಿಕಿ ಒಟ್ಟಿಗೆ ಬೆರಳಿನ್ಯಾಗ ಒತ್ತಿ ಕ್ಯಾಲಿಪರ್‌ಲೆ ಅಳದು, ಅಷ್ಟ ಎತ್ತರ ಸೇರಿಸಿ ಹೊಸಾ ಬಟ್ಟಲದ ದಿಂಡು ತಿರುವಿದ್ರು, ಯಾಕಂದ್ರ ಕಾಗದ ಒಳಗ ಬಿಟ್ರ ಅದು ದನಿ ಕುಡೀತೈತಿ ಅಂತ. ಈ ಕೆಲಸಕ್ಕ ನಾಕು ಸಂಜಿ ಹೋದ್ವು, ರೊಕ್ಕಾ ಒಂದು ಪೈಸೆ ಹೆಚ್ಚಿಗಿ ಕೇಳಲಿಲ್ಲ, ಚಹಾ ಮಾತ್ರ ನಂದು.

ತೂತಿನ ಕಥಿ ಸಣ್ಣದು. ಆರು ಸಣ್ಣ ತೂತು ಹಾಕಿದ್ವಿ, ಆಮ್ಯಾಲೆ ಅವನ್ನ ಸ್ವಲ್ಪ ದೊಡ್ಡ ಮಾಡಿದ್ವಿ, ದನಿ ಬಿಚ್ಚಿಕೊಂಡಂಗ ಆತು. ಕೈಯಾಗ ಹಿಡಿಯೋವಾಗ ಅಂಗೈ ಹತ್ತಿಸಬಾರದು, ಬೆರಳ ತುದಿಲೆ ಎತ್ತಿ ಹಿಡೀಬೇಕು, ಇಲ್ಲಾಂದ್ರ ಎಲ್ಲಾ ತೂತು ಮುಚ್ಚಿ ದನಿ ಉಸಿರುಗಟ್ಟತೈತಿ.

ಗಾಜಿನ ಡಬ್ಬಿ ಆದ ಮ್ಯಾಲೆ ಪಾಟಿ ಡಬ್ಬಿ ಮಾಡೂನು ಅಂತ ಆಶಾ ಆತು, ಯಾಕಂದ್ರ ಪಾಟಿ ದನಿ ಮೆತ್ತಗ ಇರ್ತೈತಿ, ಹತ್ರ ಬಂದ ಕೋಳಿಗೆ ಗುರ್ರ್ ಅನ್ನಾಕ ಅದ ಛಲೋ ಅಂತ ಮಾಮಾ ಹೇಳಿದ್ರು. ಈಗ ಕಲ್ಲಿನ ಪಾಟಿ ಹುಡುಕೂದು ಅಂದ್ರ ಏನು ಹೇಳ್ಲಿ. ಧಾರವಾಡ ಸುಭಾಸ್ ರೋಡ್ ತನಕ ಚಿಗರಿ ಬಸ್ಸಿನ್ಯಾಗ ಹೋಗಿ ಬಂದೆ, ಎಲ್ಲಾ ಕಡೆ ಪ್ಲಾಸ್ಟಿಕ್ ಪಾಟಿ, ಒಂದು ಕಡೆ ಎ ಬಿ ಸಿ ಡಿ ಮಣಿ ಹಾಕಿದ್ದು. ಮಾರ್ಕಾಪುರದ ಕಲ್ಲಿನ ಪಾಟಿ ಮೊದಲ ಎಷ್ಟು ಬರ್ತಿದ್ವು. ಕಡೀಕ ನಮ್ಮ ಅಟ್ಟದ ಮ್ಯಾಲೆ ಸಿಕ್ತು, ನಾ ಒಂದನೇತ್ತೇದಾಗ ಬರದದ್ದು, ಚೌಕಟ್ಟು ಮುರದಿತ್ತು, ಮೂಲ್ಯಾಗ ಮಳಿ ಹೊಡದು ಕೆತ್ತಿದ ನನ್ನ ಹೆಸರಿನ ಮೊದಲ ಅಕ್ಷರ. ಕಾಕಾ ಗುಂಡಗ ಕತ್ತರಸಾಕ ಹೋಗಿ ಮೊದಲ ಹೋಳು ಪದರ ಪದರ ಬಿಟ್ಟು ಹೋತು, ಪಾಟಿ ಕಲ್ಲು ಹಂಗ ಅಲ್ಲೇನ್ರಿ, ಈರುಳ್ಳಿಯಂಗ ಪದರ. ಎರಡನೇದಕ್ಕ ಗರಗಸ ಬಿಟ್ಟು ನೀರು ಹಾಕ್ಕೊಂತ ಉಜ್ಜು ಕಲ್ಲಿಗೆ ಹಿಡಿದು ಒಂದೂವರಿ ತಾಸು ತಿಕ್ಕಿದ್ರು. ಆ ಡಬ್ಬಿ ದನಿ ಕೇಳಿದ್ರ ಮೈ ಝುಮ್ ಅಂತೈತಿ ಈಗೂ. ಕ್ಯಾಂವ್ ಅಷ್ಟು ಜೋರಿಲ್ಲ, ಗುರ್ರ್ ಮಾತ್ರ ಖರೇ ಹಕ್ಕಿ ಹೊಟ್ಟ್ಯಾಗಿಂದ ಬಂದಂಗ.

ಅಲ್ಯೂಮಿನಿಯಂ ತಗಡೂ ಹಾಕಿ ನೋಡಿದ್ವಿ, ಕಿವಿ ತೂತು ಬೀಳೂವಷ್ಟು ಚೂಪು, ಗಾಳಿ ಇದ್ದಾಗ ದೂರ ಮುಟ್ಟಾಕ ಬೇಕಾಗಬಹುದು. ಶಹಾಬಾದ್ ಫರಸಿ ತುಂಡಿಲೆ ಮಾಡ್ರಿ ಅಂತ ಒಬ್ಬ ದೋಸ್ತ ಶ್ಯಾಣ್ಯಾತನ ಹೇಳಿದ, ಅದು ನಡುಗೂದ ಇಲ್ಲ, ಅದರ ಮ್ಯಾಲೆ ಚಟ್ನಿ ಅರೀಬಹುದು.

ಆದ್ರ ಎಲ್ಲಾಕ್ಕಿಂತ ಹೆಚ್ಚು ಮೋಜು ಅನ್ನಿಸಿದ್ದು ಕಡ್ಡಿ. ಡಬ್ಬಿ ಅದ, ಕೈ ಅದ, ಕಡ್ಡಿ ಬದಲಿ ಮಾಡಿದ್ರ ಕೋಳಿನ ಬದಲಿ. ಸಾಗವಾನಿ ಕಡ್ಡಿ ಎಣ್ಣಿ ಕಟಿಗಿ ಆಗಿದ್ದಕ್ಕೋ ಏನೋ ಜಾರತಿತ್ತು. ಬಿದಿರು ಹಗರ, ದನಿನೂ ಹಗರ. ಹುಣಸಿ ಕಟಿಗಿ ತೂಕ ಐತಿ, ದನಿ ದಪ್ಪ ಬಂತು. ಜಾಲಿ ಕಡ್ಡಿ ಗಾಜಿನ ಮ್ಯಾಲೆ ಎಳದ್ರ ಓಣಿ ತುದಿ ತನಕ ಕೇಳತೈತಿ. ಬೀಟಿ ಕಟಿಗಿದು ಮಾತ್ರ ಬ್ಯಾರೇನ, ಹೊಸಾ ಬೀಟಿ ಎಲ್ಲಿಂದ ತರೂನು, ನಮ್ಮ ಅಜ್ಜನ ಕಾಲದ ಮುರಕ ಮಂಚದ ಕಾಲು ಒಯ್ದು ಕೊಟ್ಟೆ, ಅದರಾಗ ಮೂರು ಕಡ್ಡಿ ಆದ್ವು. ಪಾಟಿ ಮ್ಯಾಲೆ ಬೀಟಿ ಕಡ್ಡಿ, ಅದ ಜೋಡಿ. ಕೊರಳಾಗ ಸ್ವಲ್ಪ ಕಫ ಇದ್ದಂಗ ಒರಟು ಬರ್ತೈತಲ್ಲ ಮುದಿ ಹೆಣ್ಣು ಕೋಳಿಗೆ, ಅದು ಬಂತು. ಅಂಚಿನ ಕಡೆ ಎಳದ್ರ ದನಿ ಮ್ಯಾಲೆ, ನಡುವಿಗೆ ಬಂದ್ರ ಕೆಳಗ, ಇದನ್ನ ಕಲೀಲಿಕ್ಕೆ ನನಗ ಒಂದು ವಾರ ಹಿಡೀತು, ಮನ್ಯಾಗಿನ ಮಂದಿಗೆ ಆ ವಾರ ಹೆಂಗಿತ್ತು ಅಂತ ಅವರನ್ನ ಕೇಳ್ರಿ.

ಪರೀಕ್ಷಾ ಮಾಡಾಕ ಬ್ಯಾಡಗಿ ಕಡೆ ನಮ್ಮ ಸ್ವಾದರಮಾವನ ಹೊಲಕ್ಕ ಹೋದೆ, ಅವರು ಕೋಳಿ ಜೋಡಿ ಇಪ್ಪತ್ತು ಟರ್ಕಿ ಸಾಕ್ಯಾರ. ಬೇಲಿ ಹಿಂದ ಕುಂತು ಮೊದಲನೇ ಕ್ಯಾಂವ್ ಕೊಟ್ಟಿದ್ದ ತಡ, ಗಂಡೆಲ್ಲಾ ಒಮ್ಮೆಲೆ ಗೊಳಗೊಳಗೊಳ ಅಂತ ಒದರಿದ್ವು. ನನಗ ಎಷ್ಟು ಖುಷಿ ಆತು ಅಂದ್ರ ಅಲ್ಲಿಂದಾನ ಕಾಕಾಗ ಫೋನ್ ಮಾಡಾಕ ಹೊಂಟಿದ್ದೆ. ಅಷ್ಟರಾಗ ರೋಡಿನ್ಯಾಗ ಒಬ್ಬಾಂವ ಬೈಕ್ ಹಾರ್ನ್ ಹೊಡದ, ಅದಕ್ಕೂ ಗೊಳಗೊಳಗೊಳ. ಮಾವ ಕೆಮ್ಮಿದ್ರು, ಅದಕ್ಕೂ. ಗಂಡು ಟರ್ಕಿ ಯಾವ ಜೋರು ಸಪ್ಪಳಕ್ಕೂ ಒದರತಾವ ಅಂತ ಆಮ್ಯಾಲೆ ಮಾಮಾ ಹೇಳಿ ನಕ್ಕೊಂತ ಕುಂತ್ರು, ಅಲ್ಲಿಯ ಬ್ಯಾಟಿ ಮಂದಿ ಗೂಗಿ ಕೂಗು ಕೂಗಿ ಗಂಡು ಎಲ್ಲೈತಿ ಅಂತ ಪತ್ತೆ ಹಚ್ಚತಾರಂತ. ಹಂಗಾರ ಗಂಡಿನ ಮಾರ್ಕ್ಸ್ ಲೆಕ್ಕಕ್ಕಿಲ್ಲ. ನಾ ಹೆಣ್ಣು ನೋಡಾಕ ಶುರು ಮಾಡಿದೆ. ಗಾಜಿನ ಡಬ್ಬಿಗೆ ಅವು ತಲಿ ಎತ್ತಿದ್ವು, ಮತ್ತ ಮೇಯಾಕ ಹತ್ತಿದ್ವು. ಪಾಟಿ ಡಬ್ಬಿಲೆ ಗುರ್ರ್ ಅಂದಾಗ ಒಂದು ಹೆಣ್ಣು ಕುತ್ತಿಗಿ ಉದ್ದ ಮಾಡಿ, ಎರಡು ಹೆಜ್ಜಿ ಬೇಲಿ ಕಡೆ ಬಂದು, ಹೊಳ್ಳಿ ಗುರ್ರ್ ಅಂತು. ಹಾರ್ನಿಗೆ ಯಾವ ಹೆಣ್ಣೂ ಹಂಗ ಮಾಡಲಿಲ್ಲ. ಐದನೇ ಪತ್ರಿಕಿ ಲೆಕ್ಕ ಬರೋಬ್ಬರಿ ಇತ್ತು ಅಂತ ಅವತ್ತ ನಂಬಿಕಿ ಬಂತು.

ಈಗ ದೂರು. ಒಂದು, ಟೈಮ್. "ನಾಳೆ ಸಂಜಿಗೆ ಬಾ" ಅಂದ್ರ ನಾಳೆ ಅನ್ನೋದು ಯಾವ ನಾಳೆ ಅಂತ ಕೇಳ್ಬೇಕು. ಜನವರಿ ಕೊನೀಗೆ ಶುರು ಮಾಡಿದ್ದು, ಏಪ್ರಿಲ್ ಒಂಬತ್ತಕ್ಕ ಕೈಗೆ ಬಂತು, ಅಮೆರಿಕಾಕ್ಕ ಹೊಂಟಿದ್ದ ನಮ್ಮ ಪರಿಚಯದವ್ರ ಬ್ಯಾಗಿನ್ಯಾಗ ಒತ್ತಿ ಕಳಿಸುವಾಗ ಅಂಟು ಇನ್ನೂ ವಾಸನಿ ಹೊಡೀತಿತ್ತು. ನಡು ಲಗ್ನದ ಸೀಸನ್ ಬಂತು, ಮಂಚದ ಆರ್ಡರ್ ಮೊದಲ, ನನ್ನ ಕೋಳಿ ಆಮ್ಯಾಲೆ. ಅದು ನ್ಯಾಯಾನ, ಆದ್ರ ಮೊದಲ ಹೇಳಬೇಕಿತ್ತು.

ಎರಡನೇದು ಬಣ್ಣ. ಕಾಕಾ ಪ್ರೀತಿಲೆ, ನಾ ಕೇಳದಾನ, ಡಬ್ಬಿಗೆ ತೊಟ್ಟಿಲಕ್ಕ ಹಚ್ಚೋ ಅರಗಿನ ಕೆಂಪು ಪಟ್ಟಿ ಏರಿಸಿ ಕೊಟ್ಟಿದ್ರು, ನೋಡಿದ್ರ ದೇವ್ರ ಮನ್ಯಾಗ ಇಡ್ಬೇಕು ಅಷ್ಟು ಚಂದ. ಫೋಟೋ ಕಳಿಸಿದೆ, ಮಾಮಾ ಬ್ಯಾಡ ಅಂದ್ರು. ಗಂಡು ಟರ್ಕಿ ತಲಿ ಕೆಂಪು ಬಿಳಿ ನೀಲಿ ಇರ್ತೈತಿ, ಆ ಬಣ್ಣದ ಏನರ ಪೊದಿಯಾಗ ಅಲ್ಲಾಡಿದ್ರ ಇನ್ನೊಬ್ಬ ಬ್ಯಾಟಿಗಾರ ಕೋಳಿ ಅಂತ ತಿಳದು ಗುಂಡು ಹಾರಿಸ್ತಾನ, ಅದಕ್ಕ ಅಲ್ಲಿ ಆ ಮೂರು ಬಣ್ಣ ಮೈಮ್ಯಾಲೆ ಕೈಯಾಗ ಇರಬಾರದಂತ. ನಾ ಇದನ್ನ ಕಾಕಾಗ ಹೇಳೂದು ಹೆಂಗ ಅಂತ ಎರಡು ದಿನ ಸುಮ್ಮನಿದ್ದೆ. ಹೇಳಿದಾಗ ಅವರು ಏನೂ ಅನ್ನಲಿಲ್ಲ, ಡಬ್ಬಿ ಲೇತಿಗೆ ಏರಿಸಿ ಕೆಂಪು ಪಟ್ಟಿ ಕೆರದು ತಗದ್ರು, ಆ ಕೆಂಪು ಪುಡಿ ಅವರ ಮೊಣಕಾಲ ಮ್ಯಾಲೆ ಬೀಳಾಕತ್ತಿತ್ತು, ನಾ ಓಣಿ ಕಡೆ ನೋಡ್ಕೊಂತ ನಿಂತೆ. ಕಡ್ಡಿ ತುದಿಗೂ ಅರಗು ಹಚ್ಚಿದ್ರು, ಅದು ಮಾತ್ರ ಖರೇನ ತಪ್ಪು, ತುದಿ ನುಣುಪಾದ್ರ ಕಚ್ಚೂದಿಲ್ಲ, ಪಾಲಿಶ್ ಪೇಪರಿಲೆ ತಿಕ್ಕಿ ನಾನ ತಗದೆ.

ಮಾಮಾಗ ಫೋನಿನ್ಯಾಗ ದನಿ ಕೇಳಿಸಾಕ ಹೋಗಿ ಇನ್ನೊಂದು ತಮಾಷೆ. ವಾಟ್ಸ್ಯಾಪ್ ಕಾಲ್ ಮಾಡಿ ಎಳದೇ ಎಳದೆ, ಆ ಕಡೆ "ಏನೂ ಕೇಳವಲ್ದಲ್ಲೋ" ಅಂತಾರ, ಮಾತು ಕೇಳತೈತಿ, ಕೋಳಿ ಕೇಳೂದಿಲ್ಲ. ಫೋನು ಅದನ್ನ ಗದ್ದಲಾ ಅಂತ ತಿಳದು ಸೋಸಿ ತಗೀತಿತ್ತು. ಎರಡು ತಿಂಗಳ ಪಟ್ಟ ಪಾಡು ಫೋನಿಗೆ ಗದ್ದಲಾ. ರೆಕಾರ್ಡ್ ಮಾಡಿ ಫೈಲ್ ಕಳಿಸಿದ ಮ್ಯಾಲೆ "ಅರೇ, ಇದು ನನ್ನ ಒಡದದ್ದಕ್ಕಿಂತ ಛಲೋ ಐತಿ" ಅಂತ ಬಂತು. ಸೀಸನ್ ಮುಗದ ಮ್ಯಾಲೆ ಕೇಳಿದೆ, ಪಾಟಿ ಡಬ್ಬಿಗೆ ಒಂದು ಮುದಿ ಹೆಣ್ಣು ಬಂದು ಹದಿನೈದು ನಿಮಿಷ ಜಗಳಾ ತಗದು ಹೋತಂತ, ಗಂಡು ಬರಲಿಲ್ಲಂತ.

ನನ್ನ ಕಡೆ ಉಳದ ಗಾಜಿನ ಡಬ್ಬಿ ಜುಲೈ ಜಿಟಿಜಿಟಿ ಮಳ್ಯಾಗ ಹೆಂಗೈತಿ ಅಂತ ಹೇಳಿಬಿಡ್ತೀನಿ, ಕಟಿಗಿ ಏನೂ ಉಬ್ಬಿಲ್ಲ, ಗಾಜು ಸಡಲಾಗಿಲ್ಲ, ಆದ್ರ ಹಸಿ ಹವಾಕ್ಕ ಕಡ್ಡಿ ಜಾರತೈತಿ. ಗಾಜನ್ನ ಒರಟ ಪಾಲಿಶ್ ಪೇಪರಿಲೆ ಒಂದ ದಿಕ್ಕಿಗೆ ಗೀರಿ, ಕಡ್ಡಿ ತುದಿನೂ ಒಂದೆರಡು ಸಲ ತಿಕ್ಕಿದ್ರ ಮತ್ತ ಹಿಡೀತೈತಿ. ಮ್ಯಾಲ್ಮೈಗೆ ಬೆರಳು ಹಚ್ಚಬ್ಯಾಡ್ರಿ, ಮಿರ್ಚಿ ತಿಂದ ಕೈ ಅಂತೂ ದೇವ್ರಾಣಿ ಬ್ಯಾಡ, ನಮ್ಮ ದೋಸ್ತ ಹಚ್ಚಿ ಒಂದು ದಿನ ಕೆಡಿಸಿದ.

ರೊಕ್ಕದ ಲೆಕ್ಕ: ನಾಕು ಬಟ್ಟಲಾ, ಏಳು ಕಡ್ಡಿ, ಗಾಜು ಕತ್ತರಿಸಿದ್ದು ಎಲ್ಲಾ ಸೇರಿ 1,850 ರೂಪಾಯಿ, ಫೇಲಾದ ಮೊದಲನೇದಕ್ಕ ಕಾಕಾ ತಗೊಳ್ಳಲಿಲ್ಲ. ಟರ್ಕಿ ಡಬ್ಬಿ ಯಾರಿಗೂ ಬೇಕಾಗೂದಿಲ್ಲ ಗೊತ್ತೈತಿ, ಆದ್ರ ಬಗರಿ, ಬಿರಡಿ, ಹಳೇ ಮಂಚದ ಒಂದ ಕಾಲು ಹೋದದ್ದು, ಹಾರ್ಮೋನಿಯಂ ಗುಬಟಿ, ಇಂಥಾ ಒಂದೊಂದ ನಗದ ಕೆಲಸ ಯಾರೂ ಮುಟ್ಟೂದಿಲ್ಲ, ಇವರು ಮುಟ್ತಾರ. ಅಮಾಸಿಗೆ ಬಂದ್. ಫೋನ್ ಮಾಡಿದ್ರ ಲೇತ್ ಸಪ್ಪಳದಾಗ ಕೇಳೂದಿಲ್ಲ, ಹೋಗಿ ಎದುರಿಗೆ ನಿಲ್ಲಬೇಕು, ಸಂಜಿ ನಾಕರ ಮ್ಯಾಲೆ ಹೋದ್ರ ಮಾತಿಗೆ ಸಿಗ್ತಾರ. ಮಾಮಾನ ಒಡದ ಡಬ್ಬಿ ಈಗೂ ಅಲ್ಲೇ ಬಗರಿ ಗೊಂಚಲ ಬಾಜೂಕ ಐತಿ, ವಾಪಸ್ ಕೇಳಿದ್ರ "ಇರ್ಲಿ ಬಿಡು, ನೋಡಾಕ ಬೇಕು" ಅಂತಾರ.